ಸೀಟಣ್ಣನ ಕೋಣೆ

ನಮ್ಮ ಎದುರುಮನೆಯ ಹಿರಿಮಗ ಪರದೇಶಕ್ಕೆ ಹೋದದ್ದು ಬಸ್ಸಿನ ಸೀಟು ಹೊಲಿಯಲು. ಮೊದಲು ಕೇಳಿದಾಗ ಬೀದಿಯವರೆಲ್ಲ ನಕ್ಕಿದ್ದೆವು. ಹರಿದ ಸೀಟು ಹೊಲಿಯಲು ಅಲ್ಲಿನವರಿಗೇನು ಕೈಯಿಲ್ಲವೇ ಎಂದು ಅವನ ತಾಯಿಯೇ ಕೇಳಿದ್ದಳಂತೆ. ಹೋದವನು ಮದುವೆಗೊಮ್ಮೆ ಬಂದ, ತಂದೆತಾಯಿ ತೀರಿಕೊಂಡಾಗ ಬಂದ, ಅಷ್ಟೇ. ಸೀಟಣ್ಣ ಎಂಬ ಹೆಸರು ಗಟ್ಟಿಯಾಯಿತು. ಹೆತ್ತವರು ಇಟ್ಟ ಹೆಸರು ಪಾಸ್‌ಪೋರ್ಟಿನ ಪಾಲಾಯಿತು.

ಬಸ್ ಡಿಪೋದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಅವನ ಕೆಲಸ. ಹರಿದ ರೆಕ್ಸಿನ್ ಬಿಚ್ಚುವುದು, ಕುಸಿದ ಫೋಮ್ ಬದಲಿಸುವುದು, ಹೊಸ ಹೊದಿಕೆಯನ್ನು ಸುಕ್ಕಿಲ್ಲದಂತೆ ಎಳೆದು ಹೊಲಿಯುವುದು. ಶಾಲೆಯ ದಾರಿಯ ಬಸ್ಸುಗಳ ಸೀಟಿನ ಸಂದಿಯಲ್ಲಿ ಪೆನ್ಸಿಲ್ ಚೂರುಗಳು ಸಿಗುತ್ತಿದ್ದವು, ಆಸ್ಪತ್ರೆಯ ದಾರಿಯವುಗಳಲ್ಲಿ ಮುದುರಿದ ಕರವಸ್ತ್ರಗಳು. ಹೆಂಡತಿ ಅಲ್ಲಿಯ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಳು. ಮಕ್ಕಳಾಗಲಿಲ್ಲ.

ಅವರ ಬಾಡಿಗೆ ಮನೆಯಲ್ಲಿ ಕೊನೆಯವರೆಗೂ ಒಂದು ಬೀರು ಇರಲಿಲ್ಲ. ಬಟ್ಟೆಗಳೆಲ್ಲ ಮಂಚದ ಕೆಳಗಿನ ಸೂಟ್‌ಕೇಸುಗಳಲ್ಲಿ. ಕಿಟಕಿಗೆ ಪರದೆಯ ಬದಲು ಹಳೆಯ ಬೆಡ್‌ಶೀಟು. ದಿನವಿಡೀ ಊರಿಗೆಲ್ಲ ಮೆತ್ತನೆಯ ಸೀಟು ಮಾಡಿಕೊಡುವವನು ಮನೆಗೆ ಬಂದು ಕಾಲು ಅಲುಗುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದ. ಹೆಂಡತಿ ಏನಾದರೂ ಕೊಳ್ಳೋಣ ಎಂದರೆ, ಹೇಗಿದ್ದರೂ ಹೋಗುವವರು ತಾನೆ ಎನ್ನುತ್ತಿದ್ದ. ಅವನು ಕಳಿಸಿದ ದುಡ್ಡಿನಲ್ಲಿ ಒಳ್ಳೆಯದೆಲ್ಲ ಇಲ್ಲಿಯ ಮನೆಗೆ ಬರುತ್ತಿತ್ತು: ತೇಗದ ಮಂಚ, ಆಳೆತ್ತರದ ಕನ್ನಡಿ, ಎರಡು ಬಾಗಿಲಿನ ಬೀರು. ಮಹಡಿಯ ಕೋಣೆ ದೊಡ್ಡವನಿಗೆ ಎಂದು ತಂದೆ ಸಾಯುವ ಮೊದಲೇ ಹೇಳಿದ್ದರು. ಎಲ್ಲವೂ ಅಲ್ಲಿ ಸೇರುತ್ತಿತ್ತು.

ಡಿಪೋದ ಅಂಗಳದಲ್ಲಿ ಬಸ್ ತೊಳೆಯಲು ಪೈಪು ಬಿಟ್ಟಾಗಲೆಲ್ಲ ಅವನಿಗೆ ನಮ್ಮೆದುರಿನ ತಾರಸಿ ನೆನಪಾಗುತ್ತಿತ್ತಂತೆ. ಟ್ಯಾಂಕು ತುಂಬಿ ಹರಿಯುವ ಸದ್ದು, ನೀರು ನಿಲ್ಲಿಸ್ರೋ ಎಂದು ಕೆಳಗಿನಿಂದ ಅಮ್ಮನ ಕೂಗು, ನೀನು ಹೋಗು ನಾನು ಹೋಗಲ್ಲ ಎಂದು ಅಣ್ಣತಮ್ಮಂದಿರ ಜಗಳ. ಬೇಸಿಗೆಯಲ್ಲಿ ಇಬ್ಬರೂ ಅಲ್ಲೇ ಒಂದು ಹೊದಿಕೆಯಲ್ಲಿ ಮಲಗುತ್ತಿದ್ದರು. ಬಿಸಿಲಿಗೆ ಕಾದ ಸಿಮೆಂಟು ರಾತ್ರಿಯೂ ಬೆನ್ನಿಗೆ ಬೆಚ್ಚಗಿರುತ್ತಿತ್ತು. ಆ ಬಿಸಿ ಬೇರೆಲ್ಲೂ ಸಿಗಲಿಲ್ಲ ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದಾನೆ.

ಕೊನೆಗೆ ಡಿಪೋಗೆ ಹೊಲಿಗೆಯೇ ಬೇಡದ, ಅಚ್ಚಿನಲ್ಲಿ ಎರಕ ಹೊಯ್ದ ಗಟ್ಟಿ ಪ್ಲಾಸ್ಟಿಕ್ ಸೀಟುಗಳು ಬಂದವು. ಶೆಡ್ಡು ಮುಚ್ಚಿತು. ಬೇಕಾದರೆ ಬಸ್ ತೊಳೆಯುವ ಕಡೆ ಕೆಲಸವಿದೆ, ಯೋಚಿಸಿ ಹೇಳು ಎಂದರು. ಗಂಡಹೆಂಡತಿ ಯೋಚಿಸಲೆಂದೇ ರಜೆ ಹಾಕಿ ಬಂದರು.

ಮನೆಯಲ್ಲೇ ಉಳಿದಿದ್ದ ತಮ್ಮ, ಬೀಗ ತೆಗೆದು ಮಹಡಿಯ ಕೋಣೆ ತೋರಿಸಿದ. ಕನ್ನಡಿಯ ಅಂಚಿನ ಪ್ಲಾಸ್ಟಿಕ್ಕೂ ಕಿತ್ತಿರಲಿಲ್ಲ. ತಮ್ಮನ ಹೆಂಡತಿ ವಾರವಾರ ಧೂಳು ಹೊಡೆದು ಮತ್ತೆ ಬೀಗ ಹಾಕುತ್ತಿದ್ದಳು. ಸೀಟಣ್ಣನಿಗೆ ಕಣ್ಣು ತುಂಬಿತು. ಆದರೆ ಕೆಳಗೆ ಅವನಿಗೆ ಮಾತ್ರ ಕುರ್ಚಿ, ಮಿಕ್ಕವರು ನೆಲದ ಮೇಲೆ. ಅವನ ಚಹಾಕ್ಕೆ ಬೇರೆ ಕಪ್ಪು. ಭಾವ, ಸಕ್ಕರೆ ಎಷ್ಟು ಹಾಕಲಿ ಎಂದು ದಿನವೂ ಕೇಳುತ್ತಿದ್ದಳು ಆಕೆ. ಬಾಯಿ ತುಂಬ ನೀನು ಎನ್ನುತ್ತಿದ್ದ ತಮ್ಮ ಈಗ ನೀವು ಎನ್ನುತ್ತಿದ್ದ.

ತಾರಸಿಗೆ ಹೋದರೆ ಅಲ್ಲಿ ತಗಡು ಹೊದಿಸಿದ್ದರು. ಹೆಂಡತಿ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದಳು:

"ನೀವು ಹುಡುಕ್ತಿರೋ ಮನೇಲಿ ನಿಮ್ಮಮ್ಮ ಇದ್ರು. ಅದು ಈಗ ಎಲ್ಲಿ ಸಿಗತ್ತೆ?"

ಅವನು ಮೆಟ್ಟಿಲಿಳಿದ. ವಾಪಸ್ಸು ಹೋಗುವುದೆಂದು ಮನಸ್ಸಿನಲ್ಲೇ ಅರ್ಧ ತೀರ್ಮಾನಿಸಿಬಿಟ್ಟಿದ್ದ.

ಮರುದಿನ ಮಧ್ಯಾಹ್ನ ಕೈ ಸುಮ್ಮನಿರದೆ, ಹಜಾರದ ಹಳೆಯ ಸೋಫಾವನ್ನು ಬೋರಲು ಹಾಕಿದ. ಒಂದು ಸ್ಪ್ರಿಂಗು ಬಟ್ಟೆ ಹರಿದು ಹೊರಗೆ ಇಣುಕುತ್ತಿತ್ತು. ಹೊಸ ಬಟ್ಟೆ ಎಳೆದು ಹಿಡಿಯಲು ತಮ್ಮನನ್ನು ಕರೆದ. ಇವನು ಈ ತುದಿ, ಅವನು ಆ ತುದಿ. ಬಟ್ಟೆ ಮತ್ತೆಮತ್ತೆ ಇವನ ಕಡೆಗೇ ಜಾರಿತು. ಎರಡು ಸಲ ತಾಳಿದ ತಮ್ಮ ಮೂರನೆಯ ಸಲ ರೇಗಿದ.

"ಎಲ್ಲಾ ನಿನ್ನ ಕಡೆಗೇ ಎಳ್ಕೋತೀಯಲ್ಲೋ ಅಣ್ಣ! ಮೊದಲಿಂದಲೂ ನೀನು ಹೀಗೇ."

ಎಷ್ಟೋ ವರ್ಷಗಳ ಮೇಲೆ ಕಿವಿಗೆ ಬಿದ್ದ ಆ ನೀನು ಎಂಬ ಮಾತಿಗೆ ಸೀಟಣ್ಣ ಹೊಲಿಗೆ ನಿಲ್ಲಿಸಿ ನಕ್ಕುಬಿಟ್ಟ. ತಮ್ಮ ನಗಲಿಲ್ಲ. ಕಟ್ಟೆ ಒಡೆದಿತ್ತು.

"ಮೇಲೆ ಬೀಗ ಹಾಕಿ ಕೆಳಗೆ ಐದು ಜನ ಒದ್ದಾಡ್ತಿದೀವಿ. ಮಗಳು ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದಿದಾಳೆ. ಬರ್ತೀನಿ ಅನ್ನು, ಇಲ್ಲಾ ಬರಲ್ಲ ಅನ್ನು. ಯಾವುದೋ ಒಂದು ಹೇಳು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತುತ್ತ ತಮ್ಮ ನಿಂತ. "ಕೋಣೆ ಕೊಟ್ಬಿಟ್ರೆ ನೀನು ಬರೋದನ್ನೇ ಬಿಟ್ಬಿಡ್ತೀಯ ಅಂತ ಹೆದರಿಕೆ ಆಗೋದು."

ಸೀಟಣ್ಣ ಸೂಜಿಗೆ ಮತ್ತೆ ದಾರ ಪೋಣಿಸಿದನಂತೆ. ಆಮೇಲೆ ಇಬ್ಬರೂ ಸೇರಿ ಸೋಫಾ ಮುಗಿಸಿದರು. ಕತ್ತಲಾಗುವ ಮುಂಚೆ ಅವನು ಬೀಗದ ಕೈಯನ್ನು ತಮ್ಮನ ಮಗಳ ಕೈಗಿಟ್ಟ. ದೊಡ್ಡಪ್ಪ, ಮತ್ತೆ ನೀವೆಲ್ಲಿ ಮಲಗ್ತೀರಿ ಎಂದು ಅವಳು ಕೇಳಿದ್ದಕ್ಕೆ ಹಜಾರದಲ್ಲಿ ಎಂದ. ಆ ರಾತ್ರಿ ತಮ್ಮನ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ತಮ್ಮನ ಗೊರಕೆ ತಡೆಯಲಾರದೆ ಬೆಳಿಗ್ಗೆ ಕೆಂಪುಗಣ್ಣಿನಲ್ಲಿ ನಮ್ಮ ಮನೆಗೆ ಬಂದು, ಹಿಂಬದಿಯ ಎರಡು ಕೋಣೆ ಖಾಲಿ ಇವೆಯಲ್ಲ, ನಮಗೆ ಬಾಡಿಗೆಗೆ ಕೊಡ್ತೀರಾ ಎಂದು ಕೇಳಿದ. ಬರುವುದೆಂದು ತೀರ್ಮಾನವಾಗಿತ್ತು. ಆ ಮನೆಗಲ್ಲ, ಆ ತಮ್ಮನ ಹತ್ತಿರಕ್ಕೆ.

ಇವನು ಕುಣಿಯುತ್ತ ಬಂದ ಎಂದುಕೊಳ್ಳಬೇಡಿ. ಅಲ್ಲಿಯ ಮನೆ ಖಾಲಿ ಮಾಡುವಾಗ ಹೆಂಡತಿ ಕಿಟಕಿಯ ಬೆಡ್‌ಶೀಟನ್ನು ತೆಗೆದು ಮಡಚಲಾರದೆ ಅತ್ತಳಂತೆ. ಆಸ್ಪತ್ರೆಯ ಅಡುಗೆಮನೆಯವರು ಅವಳನ್ನು ಬೀಳ್ಕೊಡಲು ಏಪ್ರನ್ ಕಳಚದೆ ರಸ್ತೆಯವರೆಗೂ ಬಂದರಂತೆ. ಅಷ್ಟು ವರ್ಷ ಬದುಕಿದ ಜಾಗಕ್ಕೆ ಒಂದು ಪರದೆಯನ್ನೂ ಹೊಲಿಯಲಿಲ್ಲವಲ್ಲ ಎಂದು ಸೀಟಣ್ಣ ಈಗಲೂ ಪೇಚಾಡುತ್ತಾನೆ.

ಈಗ ನಮ್ಮ ಹಿತ್ತಲ ಕಡೆಯ ಬಾಗಿಲಲ್ಲಿ ಅವನ ಮಿಷನ್ನಿದೆ. ಆಟೋ ಸೀಟು, ಬೈಕಿನ ಸೀಟು, ಮದುವೆ ಮನೆಯ ಕುರ್ಚಿಗಳು ಬರುತ್ತವೆ. ತಮ್ಮ ದಿನಕ್ಕೊಮ್ಮೆ ಬಂದು ಏನಾದರೊಂದು ತಪ್ಪು ತೋರಿಸಿ ಜಗಳವಾಡಿ ಹೋಗುತ್ತಾನೆ. ಸಂಜೆ ಮಿಷನ್ನಿಗೆ ಬಟ್ಟೆ ಮುಚ್ಚುತ್ತ ಸೀಟಣ್ಣ ಕೆಲವೊಮ್ಮೆ, ನಮ್ಮಲ್ಲಿ ಈಗ ಚಳಿ ಶುರುವಾಗಿರತ್ತೆ ಎನ್ನುತ್ತಾನೆ. ಇಲ್ಲಿ ಹೊರಗೆ ಸಂಜೆಯಾದರೂ ಬಿಸಿಲಿನ ಝಳ ಇಳಿದಿರುವುದಿಲ್ಲ. ಒಳಗಿನಿಂದ ಹೆಂಡತಿ, ಹೌದು, ಡಿಪೋದ ಬಸ್ಸಿನ ಗಾಜೆಲ್ಲ ಮಂಜಾಗಿರತ್ತೆ ಎನ್ನುತ್ತಾಳೆ.