ಹುಣಸೆಹಣ್ಣಿಗೆ ಸಿಗದ ನಂಬರು

ಶ್ರೀರಂಗಪಟ್ಟಣದಲ್ಲಿ ಕೋವಿ ರಿಪೇರಿ ಅಂಗಡಿ ನಡೆಸುವ ಹೆಂಗಸು ನಾನೊಬ್ಬಳೇ. ಅಪ್ಪನ ಲೈಸೆನ್ಸು ಈಗ ನನ್ನ ಹೆಸರಿನಲ್ಲಿದೆ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಬಂದೂಕುಗಳನ್ನು ಓದುವುದು ಅಪ್ಪ ಕಲಿಸಿದ ವಿದ್ಯೆ. ಹೌದು, ಓದುವುದೇ. ಕಿರೀಟದ ಮುದ್ರೆ, ಅದರ ಕೆಳಗೆ ಕಾರ್ಖಾನೆಯ ಗುರುತು, ಇಸವಿ, ಆಮೇಲೆ ನಂಬರು. ಅಷ್ಟು ಕಂಡರೆ ಸಾಕು, ಬಂದೂಕಿನ ಜಾತಕ ಹೇಳಬಲ್ಲೆ. ಜಂಬ ಅಂದರೆ ಅನ್ನಿ, ಬೇಸರವಿಲ್ಲ.

ಹೋದ ಚುನಾವಣೆ ಮುಗಿದ ಮೇಲೆ ದೇವಲಾಪುರದ ಕಡೆಯ ರೈತರೊಬ್ಬರು ಬಂದರು. ಜೊತೆಗೆ ಅವರ ಮುದಿ ತಾಯಿ, ಅವರ ಮನೆಯ ಬಂದೂಕು ಹಿಡಿದ ಒಬ್ಬ ಪೊಲೀಸು. ಚುನಾವಣೆಗೆಂದು ಎಲ್ಲರಂತೆ ಇವರೂ ಬಂದೂಕನ್ನು ಠಾಣೆಗೆ ಒಪ್ಪಿಸಿದ್ದರು. ತೀರಿಹೋದ ತಂದೆ ಕಾಡುಹಂದಿಯಿಂದ ಬೆಳೆ ಕಾಯಲು ಹರಾಜಿನಲ್ಲಿ ಕೊಂಡಿದ್ದ ಬಂದೂಕು ಅದು. ವಾಪಸು ಕೊಡುವಾಗ ಠಾಣೆಯ ಸಾಹೇಬರು ನೋಡಿದರೆ ಲೈಸೆನ್ಸಿನಲ್ಲಿರುವ ನಂಬರು ಬಂದೂಕಿನ ಮೇಲೆ ಇಲ್ಲ. ಗುರುತು ಸಿಕ್ಕರೆ ಸರಿ, ಇಲ್ಲದಿದ್ದರೆ ಜಪ್ತಿ ಎಂದು ನನ್ನ ಹತ್ತಿರ ಕಳಿಸಿದ್ದರು.

ಕೈಗೆ ತೆಗೆದುಕೊಂಡೆ. ಕಬ್ಬಿಣ ಹಬ್ಬದ ದಿನದ ಚೆಂಬಿನಂತೆ ಹೊಳೆಯುತ್ತಿತ್ತು. ಕಿರೀಟವಿಲ್ಲ, ಇಸವಿಯಿಲ್ಲ, ನಂಬರೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹೀಗೆ ತಿಕ್ಕಿದವರು ಯಾರೆಂದು ಜೋರಾಗಿಯೇ ಕೇಳಿದೆ.

ಮೆಟ್ಟಿಲ ಬಳಿಯೇ ನಿಂತಿದ್ದ ಮುದುಕಿ ತಲೆ ತಗ್ಗಿಸಿತು. "ನಾನೇ ಕಣವ್ವ. ವರ್ಸಾ ವರ್ಸಾ ಆಯುಧಪೂಜೆಗೆ ಉಣ್ಸೆಹಣ್ಣು, ಬೂದಿ ಆಕಿ ಬೆಳಗ್ತಿದ್ದೆ. ಪೂಜೆಗಿಡೋ ಸಾಮಾನು ಕೊಳೆ ಇರ್ಬಾರ್ದಲ್ವಾ."

ಗಂಡನ ಗುರುತನ್ನು ತಾನೇ ಅಳಿಸಿಬಿಟ್ಟೆ ಎಂದು ಅವ್ವ ಮೂರು ದಿನದಿಂದ ಸರಿಯಾಗಿ ಉಂಡಿಲ್ಲವೆಂದು ಮಗ ಮೆಲ್ಲಗೆ ಹೇಳಿದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪೊಲೀಸಿನವರಿಗೂ ಮರುಕವಾಗಿರಬೇಕು. ಪಂಚು ನಿಮ್ಮಲ್ಲೇ ಇದೆಯಲ್ಲ, ಲೈಸೆನ್ಸಿನ ನಂಬರನ್ನೇ ಹೊಡೆದುಬಿಡಿ, ಎಲ್ಲರಿಗೂ ಸಲೀಸು ಎಂದರು.

"ಈ ಅಂಗಡೀಲಿ ಇರೋದನ್ನ ಓದ್ತೀವಿ ಸ್ವಾಮಿ, ಬರೆಯಾಕಿಲ್ಲ" ಎಂದೆ.

ಕಾರ್ಖಾನೆಯವರು ಒಂದೇ ನಂಬರನ್ನು ಹಲವು ಕಡೆ ಹೊಡೆದಿರುತ್ತಾರೆ. ಆ ಜಾಗಗಳನ್ನು ಅಪ್ಪ ನನಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ಬೋಲ್ಟಿನ ಹಿಡಿ ನೋಡಿದೆ, ಅದನ್ನು ಯಾರೋ ಬದಲಾಯಿಸಿದ್ದರು, ನಂಬರೇ ಬೇರೆ. ಗುರಿ ನೋಡುವ ಪಟ್ಟಿಯನ್ನು ಎತ್ತಿ ಅಡಿಯಲ್ಲಿ ನೋಡಿದೆ. ಪುಣ್ಯಾತ್ಗಿತ್ತಿ ಅಲ್ಲಿಯೂ ಬಿಟ್ಟಿರಲಿಲ್ಲ. ಉಳಿದದ್ದು ಒಂದೇ ಜಾಗ. ಸ್ಕ್ರೂ ಬಿಚ್ಚಿ, ಮೂತಿಯ ಕಟ್ಟು ಕಳಚಿ, ನಳಿಗೆಯ ಕೆಳಗಿನ ಮರವನ್ನು ಬಿಡಿಸಿದೆ. ಒಳಗೆ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಮರದಲ್ಲಿ ಅಂಕಿಗಳು ಒಂದೊಂದೇ ಎದ್ದವು. ನಾನು ಗಟ್ಟಿಯಾಗಿ ಓದುತ್ತ ಹೋದೆ, ಪೊಲೀಸಿನವರು ಲೈಸೆನ್ಸಿನ ಮೇಲೆ ಬೆರಳಿಟ್ಟು ನೋಡುತ್ತ ಬಂದರು. ಒಂದೂ ತಪ್ಪಲಿಲ್ಲ. ವರದಿಗೆ ಸಹಿ ಹಾಕುವಾಗ ಅಪ್ಪ ಇರಬೇಕಿತ್ತು ಅನ್ನಿಸಿತು. ನನ್ನ ಬಗ್ಗೆ ನನಗೇ ಅಷ್ಟು ಹೆಮ್ಮೆಯಾಯಿತು.

ಮುದುಕಿಯನ್ನು ಒಳಗೆ ಕರೆದು, ಆಕೆಯ ಬೆರಳನ್ನು ಆ ಅಂಕಿಗಳ ಮೇಲಿಟ್ಟೆ.

"ಅಂಗಾರೆ ನಾನು ಅಳಿಸ್ನಿಲ್ವಾ?"

ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಕೈಗೆ ಸಿಕ್ಕಿದ್ನೆಲ್ಲ ಅಳಿಸಿದ್ದೀಯ ಕಣವ್ವ. ಇದು ಸಿಕ್ಕಿಲ್ಲ, ಅಷ್ಟೇಯ."

ಮುದುಕಿ ಬೊಚ್ಚುಬಾಯಿ ತುಂಬ ನಕ್ಕಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿತು.

"ಒಟ್ಟೆ ಅಸೀತೈತೆ ಕಣ್ಲಾ. ಎಲ್ಲಾದ್ರೂ ಉಣ್ಣುವ ನಡಿ."