ಎಡೆ ಉಂಡ ಬೀಗ

ಇವತ್ತು ಬೆಳಿಗ್ಗೆ ನಮ್ಮ ಅಂಗಳದಲ್ಲಿ ಪಿಂಜಾರ ಹುಸೇನ್‌ಸಾಬ ಕೂತು ಹಳೆಯ ಗಾದಿಯೊಂದರ ಹತ್ತಿ ಹಿಂಜುತ್ತಿದ್ದ. ನಮ್ಮ ಮಾವನವರು ಪಡಸಾಲೆಯಲ್ಲಿ ಹಾಕಿಕೊಂಡು ಕೂಡುತ್ತಿದ್ದ ಗಾದಿ ಅದು. ಅವರು ಹೋದ ಮೇಲೆ ಸುತ್ತಿ ಅಟ್ಟದ ಮೇಲಿಟ್ಟವಳು ನಾನೇ. ಆರು ವರ್ಷ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಹುಸೇನ್‌ಸಾಬನ ಬಿಲ್ಲಿನ ಟಂಯ್ ಟಂಯ್ ಸದ್ದು ನನಗೆ ಹೊಸದಲ್ಲ. ಆದರೆ ಹತ್ತಿಯಿಂದ ಎದ್ದ ಆ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ಮೂರು ಸಲ ಸೀನಿದೆ. ನಾಲ್ಕನೆಯ ಸೀನು ಬರುವ ಹೊತ್ತಿಗೆ ಮಾವನವರ ನೆನಪಾಗಿ ನಗು ಬಂದುಬಿಟ್ಟಿತು. ಅವನು ಕೈ ನಿಲ್ಲಿಸಿ, "ಏನಾತವ್ವ?" ಎಂದ. ಹೇಳುತ್ತ ಕೂತರೆ ಅವನ ಕೆಲಸ ಸಂಜೆಗೂ ಮುಗಿಯುವುದಿಲ್ಲ. ಅದಕ್ಕೇ ನಿಮಗೆ ಹೇಳುತ್ತೇನೆ. ನಿಮಗೂ ಕೆಲಸವಿದ್ದರೆ ಮಾಡುತ್ತಲೇ ಕೇಳಿ.

ನಾನು ಸಿರುಗುಪ್ಪದ ಕಡೆಯವಳು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ನೀರು ಅನ್ನುವುದನ್ನು ಕೊಡದಲ್ಲಿ ಲೆಕ್ಕ ಹಾಕುತ್ತಾರೆ ಎಂದು ನನಗೆ ಗೊತ್ತಾದದ್ದು ಬಳ್ಳಾರಿಯ ಬ್ರೂಸ್‌ಪೇಟೆಗೆ ಸೊಸೆಯಾಗಿ ಬಂದ ಮೇಲೆ. ನಮ್ಮ ಓಣಿಯ ಬಾವಿಗಳಲ್ಲೆಲ್ಲ ಸವಳು ನೀರು. ಬೇಳೆ ಬೇಯುವುದಿಲ್ಲ, ಸೀಗೆಕಾಯಿ ನೊರೆ ಬಿಡುವುದಿಲ್ಲ. ಕುಡಿಯುವ ನೀರಿಗೆ ಕಂಟೋನ್ಮೆಂಟ್ ದಾರಿಯವರೆಗೆ ನಡೆಯಬೇಕು. ಅದೂ ನೇರವಾಗಿ ಅಲ್ಲ, ಸುತ್ತು ಹಾಕಿ. ಯಾಕೆಂದರೆ ಓಣಿಯ ಬಾಯಿಗೆ ಅಡ್ಡಲಾಗಿ ಹಳೆಯ ಹತ್ತಿ ಪ್ರೆಸ್ಸಿನ ಕಟ್ಟಡ ನಿಂತಿತ್ತು. ಸಿಟ್ಟು ಬರಿಸುವ ಸಂಗತಿ ಇನ್ನೊಂದಿತ್ತು. ಇಡೀ ಓಣಿಯಲ್ಲಿ ಸಿಹಿ ನೀರಿನ ಬಾವಿ ಇದ್ದದ್ದು ಒಂದೇ. ಅದು ಆ ಪ್ರೆಸ್ಸಿನ ಕಾಂಪೌಂಡಿನ ಒಳಗಿತ್ತು. ಗೇಟಿಗೂ ಬೀಗ, ಪ್ರೆಸ್ಸಿನ ಬಾಗಿಲಿಗೂ ಬೀಗ. ಎರಡರ ಬೀಗದ ಕೈಯೂ ನಮ್ಮ ಮಾವನವರ ಉಡಿದಾರದಲ್ಲಿ.

ಮಾವನವರು ಆ ಪ್ರೆಸ್ಸಿನ ಮೇಸ್ತ್ರಿಯಾಗಿದ್ದರು. ಕುರುಗೋಡಿನ ಎರೆಹೊಲಗಳಿಂದ ಗಾಡಿಗಟ್ಟಲೆ ಹತ್ತಿ ಬರುತ್ತಿತ್ತಂತೆ. ಪ್ರೆಸ್ಸಿನ ನಡುಮನೆಯಲ್ಲಿ ಆಳೆತ್ತರದ ಕಟ್ಟಿಗೆಯ ತಿರುಪು. ಇಪ್ಪತ್ತು ಜನ ಅದರ ತೊಲೆಗಳಿಗೆ ಎದೆಗೊಟ್ಟು ಸುತ್ತುತ್ತಿದ್ದರಂತೆ, ಕೆಳಗೆ ಹತ್ತಿ ಅಡಕವಾಗಿ ಕಲ್ಲಿನಷ್ಟು ಗಟ್ಟಿಯಾಗುತ್ತಿತ್ತಂತೆ. ಊಟವಾದ ಮೇಲೆ ಮಾವನವರು ಪಡಸಾಲೆಯಲ್ಲಿ ಎದ್ದು ನಿಂತು, "ಎಳೀರೋ! ತಿರುವ್ರೋ!" ಎಂದು ಕೂಗಿ ತೋರಿಸುತ್ತಿದ್ದರು. ಅತ್ತೆ ಒಳಗಿನಿಂದ, "ಸಾಕು ಸುಮ್ನ ಕುಂದರ್ರಿ, ಉಂಡದ್ದು ಮ್ಯಾಲ ಬಂದೀತು" ಎನ್ನುತ್ತಿದ್ದರು.

ಆಮೇಲೆ ರೈಲು ಬಂತು. ಸ್ಟೇಷನ್ನಿನ ಮಗ್ಗುಲಲ್ಲಿ ಹಬೆಯ ಪ್ರೆಸ್ಸುಗಳು ಎದ್ದವು. ಗಾಡಿಗಳೆಲ್ಲ ಅತ್ತ ತಿರುಗಿದವು. ಪ್ರೆಸ್ಸಿನ ಸಾಹುಕಾರ ಬೀಗ ಜಡಿದು, "ನಾ ಬರೂತನಕ ನೋಡ್ಕೊ" ಎಂದು ಬೀಗದ ಕೈಯನ್ನು ಮಾವನವರಿಗೆ ಕೊಟ್ಟು ಮದರಾಸಿಗೆ ಹೋದವನು ತಿರುಗಿ ಬರಲಿಲ್ಲ. ಗಾಡಿ ಬರುವುದು ನಿಂತ ಮೇಲೆ ಓಣಿಯಲ್ಲಿದ್ದ ಹೋಟೆಲು ಮುಚ್ಚಿತು, ಹಗ್ಗದ ಅಂಗಡಿ ಮುಚ್ಚಿತು, ಕಮ್ಮಾರ ಬೇರೆ ಕಡೆ ಹೋದ. ಕಾಂಪೌಂಡಿನ ಹಿಂದೆ ಜಾಲಿ ಬೆಳೆದು ಹಾವು ಸೇರಿಕೊಂಡವು. ಹಾಡುಹಗಲು ಆ ಕಡೆ ಹೋಗಲು ನಮಗೆಲ್ಲ ಹೆದರಿಕೆ.

ಮಾವನವರು ಮಾತ್ರ ನಂಬಿಕೆ ಬಿಡಲಿಲ್ಲ. ಮಹಾನವಮಿಯ ಆಯುಧಪೂಜೆಗೆ ಮೊದಲೆಲ್ಲ ತಿರುಪಿಗೆ ಪೂಜೆ ನಡೆಯುತ್ತಿತ್ತಲ್ಲ, ಬಾಗಿಲು ಮುಚ್ಚಿದ ಮೇಲೆ ಅದನ್ನು ಬೀಗಕ್ಕೇ ಮಾಡತೊಡಗಿದರು. ಗೇಟು ದಾಟಿ ಹೋಗಿ, ಗೇಟಿಗೆ ಮತ್ತೆ ಒಳಗಿನಿಂದ ಅಗಳಿ ಹಾಕಿ, ಪ್ರೆಸ್ಸಿನ ಬಾಗಿಲಿನ ಬೀಗಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಸರ ಏರಿಸಿ, ಕಾಯಿ ಒಡೆದು, ಬಾಗಿಲ ಕೆಳಗಿನ ಸಂದಿನಿಂದ ಹೋಳಿಗೆಯ ಎಡೆಯನ್ನು ಒಳಕ್ಕೆ ಸರಿಸಿ ಬರುತ್ತಿದ್ದರು. ಬೀಗ ಉಣ್ಣುವ ತನಕ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ. ಹಸಿವು ತಡೆಯದ ನಾನು ಒಮ್ಮೆ ಕದ್ದು ಅರ್ಧ ಹೋಳಿಗೆ ತಿಂದದ್ದನ್ನು ಇವತ್ತು ಮೊದಲ ಬಾರಿ ಒಪ್ಪಿಕೊಳ್ಳುತ್ತಿದ್ದೇನೆ.

ಮಗ್ಗುಲ ಮನೆಯ ಪದ್ಮಕ್ಕ ವೈಷ್ಣವರು, ಬಲು ಮಡಿ. ಒದ್ದೆ ಸೀರೆಯಲ್ಲಿ ಅಷ್ಟು ದೂರದಿಂದ ಮಡಿನೀರು ತರುವರು. ದಾರಿಯಲ್ಲಿ ಒಂದು ಕರಿ ಮೇಕೆ ಎಲ್ಲಿಂದಲೋ ಬಂದು ಅವರ ಸೀರೆಗೆ ಮೈ ಒರೆಸುವುದು. ಕೊಡ ಚೆಲ್ಲಿ ಮತ್ತೆ ಹೊರಡುವರು. ಒಂದು ದಿನ ಮೂರು ಸಲ ಹೀಗಾಗಿ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತು ಅತ್ತೇಬಿಟ್ಟರು. "ನಿಮ್ಮ ಮಾವ ಕಲ್ಲು ಅದಾರ ನೋಡಮ್ಮಾ. ಬಾವಿ ಇಟಗೊಂಡು ನಮ್ಮನ್ನ ಸಾಯಿಸ್ಲಿಕ್ಹತ್ಯಾರ." ನನಗೆ ಆಗ ಆರು ತಿಂಗಳು. ಸೊಂಟದ ಮೇಲೆ ಕೊಡ ನಿಲ್ಲುತ್ತಿರಲಿಲ್ಲ.

ನಮ್ಮ ಮನೆಯವರು ಸಾಲಿ ಮಾಸ್ತರರು. ಪ್ರೆಸ್ಸು ಕೆಡವಿ ಬಾವಿ ಬಿಟ್ಟುಕೊಡಿ ಎಂದು ಮುನಿಸಿಪಾಲ್ಟಿಗೆ ಅರ್ಜಿ ಬರೆದುಕೊಡಲು ಓಣಿಯವರು ಅವರನ್ನು ಕೇಳಿದರು. "ಅಪ್ಪನ ವಿರುದ್ಧ ನಾ ಬರಿಯಂಗಿಲ್ಲ" ಎಂದರು. ಆದರೆ ಮಾರನೆಯ ದಿನ ಸಾಲಿಗೆ ಹೋಗುವಾಗ ಕಾಗದ, ಮಸಿ, ಟಾಕುಗಳನ್ನು ಒಲೆಯ ಪಕ್ಕ ಮರೆತು ಹೋದರು. ಆ ಮನುಷ್ಯ ಜೀವಮಾನದಲ್ಲಿ ಏನನ್ನೂ ಮರೆತವರಲ್ಲ. ನನಗೆ ಅಕ್ಷರ ಕಲಿಸಿದ್ದೂ ಅವರೇ. ನಾನು ಬರೆದೆ, ಗೆರೆ ತಪ್ಪಿ ಸೊಟ್ಟಸೊಟ್ಟಾಗಿ. ಹೆಬ್ಬೆಟ್ಟಿನ ನಿಶಾನಿ ಹಾಕಿದವರು ಓಣಿಯ ಗಂಡಸರು, ಹಾಕಿಸಿದವರು ಅವರ ಹೆಂಡಂದಿರು.

ಎರಡು ತಿಂಗಳಲ್ಲಿ ಮುನಿಸಿಪಾಲ್ಟಿಯವರು ಬಂದು ಗೋಡೆಗೆ ಕೆಮ್ಮಣ್ಣಿನ ಗುರುತು ಹಾಕಿದರು. ಮದರಾಸಿನ ಸಾಹುಕಾರ ಒಪ್ಪಿ ಬರೆದುಕೊಟ್ಟಿದ್ದನಂತೆ. ಮಾವನವರು ಕೇಳಿಸಿಕೊಂಡು, "ಎಡಿ ಉಂಡ ಬಾಗಲದು. ಅದರ ಮ್ಯಾಲ ಹಾರೆ ಹಾಕಬೇಕಾದ್ರ ಮೊದ್ಲ ನನ್ನ ಮ್ಯಾಲ ಹಾಕ್ರಿ" ಎಂದರು. ಅವತ್ತಿನಿಂದ ಊಟ ಅರ್ಧವಾಯಿತು, ಮಾತು ನಿಂತಿತು. ಈ ಮುದುಕರಿಗೆ ಏನಾದರೂ ಆದರೆ ನಾನೇ ಕೊಂದಂತೆ. ಹೇಳಿಬಿಡೋಣವೆಂದರೆ ಬಾಯಿ ಬರುವುದಿಲ್ಲ, ನುಂಗಿಕೊಳ್ಳೋಣವೆಂದರೆ ಅನ್ನ ಇಳಿಯುವುದಿಲ್ಲ.

ಕೆಡಹುವ ದಿನ ಕುರುಗೋಡಿನ ಕಲ್ಲು ಕೆಲಸದವರು ಬಂದರು. ಮುಂದಾಳು ಯಲ್ಲಪ್ಪ. ಮಾವನವರು ಗೇಟು ತೆಗೆದುಕೊಟ್ಟು, ಹೋಗಿ ಪ್ರೆಸ್ಸಿನ ಬಾಗಿಲಿಗೆ ಬೆನ್ನು ಹಚ್ಚಿ ಕೂತರು. ಯಲ್ಲಪ್ಪ ಬೀಗದ ಮೇಲಿನ ವಿಭೂತಿ ನೋಡಿದವನೇ ಹಾರೆ ಕೆಳಗಿಟ್ಟ. "ಪೂಜಿ ಆದದ್ದು ನಾನೂ ಮುಟ್ಟಂಗಿಲ್ಲರಿ, ಯಜಮಾನ್ರ ಮಾತು ಖರೆ ಐತಿ." ಆಯಿತಲ್ಲ! ಓಣಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನನ್ನ ಮುಖ ನೋಡತೊಡಗಿದರು.

ನನಗೆ ಎಲ್ಲಿಂದ ಧೈರ್ಯ ಬಂತೋ, ಸೆರಗು ಹೊದ್ದು ಮುಂದೆ ಹೋದೆ. "ಮಾವಾರ, ಗಣಪ್ಪನ್ನ ಪೂಜಿ ಮಾಡಿ, ಹೋಗಿ ಬಾರಪ್ಪ ಅಂತ ಬಾವ್ಯಾಗ ಬಿಡ್ತೀವಲ್ರಿ. ಹಂಗ ಇದನ್ನೂ ನೀವ ಕಳಸ್ರಿ. ಬಾಗ್ಲಾ ತೆಗದು ಒಂದ್ಸಲ ಕೈ ಮುಗದು, ಹೋಗಿ ಬಾ ಅನ್ರಿ. ಬ್ಯಾರೇರು ಒಡದು ಕಳಸಬಾರದು."

ಅವರು ಎದ್ದು ನಿಂತರು. ಉಡಿದಾರದಿಂದ ಬೀಗದ ಕೈ ಬಿಚ್ಚಿದರು. ಬೀಗಕ್ಕೆ ಎಣ್ಣೆ ಬಿಟ್ಟು ತಿರುವಿ, ಕಾಯಿ ಕರ್ಪೂರ ಹಿಡಿದು ಬಾಗಿಲು ನೂಕಿದರು.

ಒಳಗೆ ಏನೂ ಇರಲಿಲ್ಲ.

ತಿರುಪಿಲ್ಲ, ತೊಲೆಯಿಲ್ಲ, ಒಂದು ಮೊಳೆಯೂ ಇಲ್ಲ. ಹಿಂದಿನ ಗೋಡೆಯಲ್ಲಿ ಗಾಡಿ ಹಾಯುವಷ್ಟು ದೊಡ್ಡ ಕಂಡಿ, ಅದರಾಚೆ ಜಾಲಿ ಗಿಡ. ಯಾರು ಯಾವಾಗ ಒಯ್ದರೋ ಇವತ್ತಿಗೂ ಗೊತ್ತಿಲ್ಲ. ನಡುಮನೆಯಲ್ಲಿ ಪದ್ಮಕ್ಕನ ಮಡಿ ಕೆಡಿಸುತ್ತಿದ್ದ ಕರಿ ಮೇಕೆ, ಎರಡು ಮರಿಗಳೊಂದಿಗೆ ಮಲಗಿತ್ತು. ಮಾವನವರ ಕೈಯ ಕರ್ಪೂರ ಉರಿದು ಆರಿತು. ನಾನು ಅವರು ಬಿದ್ದರೆ ಹಿಡಿಯಬೇಕೆಂದು ಹಿಂದೆ ನಿಂತೆ.

"ಒಂಬತ್ತು ವರ್ಷ," ಎಂದರು ಅವರು, "ಒಂಬತ್ತು ವರ್ಷ ಹೋಳಿಗಿ ಯಾರಿಗೆ ಹಾಕೀನ್ಲೇ ನಾನು?"

ಯಲ್ಲಪ್ಪ ಮೇಕೆಯ ಕಡೆ ನೋಡಿ, "ಮೈ ಕೈ ತುಂಬ್ಕೊಂಡೈತ್ರಿ ಯಜಮಾನ್ರ" ಎಂದ.

ಮಾವನವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಅಯ್ಯೋ, ನನಗಾದ ಹಗುರವನ್ನು ಹೇಗೆ ಹೇಳಲಿ! ಮೊದಲ ಹಾರೆ ಹಾಕಿದವರು ಅವರೇ. "ಎಳೀರೋ! ತಿರುವ್ರೋ!" ಎಂದು ಕೂಗುತ್ತ ಸಂಜೆಯ ತನಕ ಕೆಲಸ ಮಾಡಿಸಿದರು.

ಆ ಕಲ್ಲುಗಳಿಂದಲೇ ಬಾವಿಗೆ ಕಟ್ಟೆಯಾಯಿತು. ಓಣಿಯ ಬಾಯಿ ತೆರೆದು ಕಂಟೋನ್ಮೆಂಟ್ ದಾರಿಗೆ ನೇರ ಕೂಡಿತು. ಸಿರುಗುಪ್ಪದ ಅಕ್ಕಿ ಗಾಡಿಗಳು ಎತ್ತಿಗೆ ನೀರು ಕುಡಿಸಲು ನಿಲ್ಲತೊಡಗಿದವು. ಗಾಡಿ ನಿಂತ ಕಡೆ ಹೋಟೆಲು, ಹೋಟೆಲಿನ ಮಗ್ಗುಲಿಗೆ ಹಗ್ಗದ ಅಂಗಡಿ. ಕಮ್ಮಾರನೂ ತಿರುಗಿ ಬಂದ. ಗಾಡಿ ಹೊಡೆಯುವವರ ಕೂಗಾಟಕ್ಕೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ ಎಂದು ಈಗ ಗೊಣಗುವವಳೂ ನಾನೇ.

ಬಾವಿಯ ಹೂಳು ತೆಗೆದು ನೀರು ತಿಳಿಯಾದ ದಿನ ಮೊದಲ ತಂಬಿಗೆ ತಂದು ಮಾವನವರ ಕೈಗೆ ಕೊಟ್ಟೆ. ಈ ಗಾದಿಯ ಮೇಲೆಯೇ ಕೂತಿದ್ದರು. ಕುಡಿದು ಬಾಯಿ ಒರೆಸಿಕೊಂಡು, "ಅರ್ಜಿ ನೀನ ಬರದಿ ಅಲ್ಲೇನವ್ವ? ಅವತ್ತು ನೀ ಬಡಿಸಿದ ರೊಟ್ಟಿಗೆಲ್ಲ ಮಸಿ ಹತ್ತಿತ್ತು" ಎಂದರು.

ನಾನು ಹೂಂ ಎಂದೆ. ಅವರು ಸಿಟ್ಟಾಗಲಿಲ್ಲ. ಆ ಸಲಿಗೆಯಲ್ಲಿ ಕೇಳಿಯೇಬಿಟ್ಟೆ. "ಬೀಗದ ಕೈ ನಿಮ್ಮ ಕಡೇನ ಇತ್ತಲ್ರಿ ಮಾವಾರ. ಒಂದು ದಿನಾನರ ತೆಗದು ನೋಡಬೇಕಿತ್ತು."

"ತೆಗದ್ರ ಇಲ್ಲ ಅಂತ ಗೊತ್ತಾಗ್ತಿತ್ತಲ್ಲವ್ವ" ಎಂದರು. ತಂಬಿಗೆ ಕೆಳಗಿಟ್ಟರು. "ಯಾರರ ಬಂದು ತೆಗಸ್ಲಿ ಅಂತ ಕುಂತಿದ್ದೆ. ನೀ ಭಾಳ ತಡ ಮಾಡಿದಿ."

ಹುಸೇನ್‌ಸಾಬ ಈಗ ಕರೆದು, ಹಿಂಜಿದ ಹತ್ತಿಯ ಗುಡ್ಡೆ ತೋರಿಸಿದ. "ಅವ್ವ, ಇದ್ರಾಗ ಅರ್ಧ ಬರೇ ಧೂಳೈತಿ. ಗಾದಿ ಆಗಂಗಿಲ್ಲ."

"ಧೂಳು ಝಾಡಿಸಿ ಹಾಕು. ಉಳದದ್ದರಾಗ ಹುಡುಗರಿಗೆ ಎರಡು ತಲಿದಿಂಬು ಮಾಡು" ಎಂದೆ.

ಮಾವನವರಿಗೆ ಬಾಗಿಲು ತೆಗೆಯಲು ಒಂಬತ್ತು ವರ್ಷ ಬೇಕಾಯಿತು. ಗಾದಿಯ ಲೆಕ್ಕವನ್ನು ನಾನು ಆರಕ್ಕೇ ಮುಗಿಸಿದೆ.