ಎಡೆಲ್ಮಿರಾ ಬ್ರೆನೆಸ್ ಹಾಕಿಸಿದ ಎರಡನೆಯ ದಾರಿ

ಎಡೆಲ್ಮಿರಾ ಬ್ರೆನೆಸ್ ಹುಟ್ಟಿದ್ದು ೧೯೪೬ನೆಯ ಇಸವಿ ನವೆಂಬರ್ ೧೪ರಂದು, ತುರಿಯಾಲ್ಬಾದಲ್ಲಿ. ಅಲ್ಲಿಯ ದೂರವಾಣಿ ಕಚೇರಿಯಲ್ಲಿ ಆಪರೇಟರಾಗಿ ಸೇರಿದ್ದು ೧೯೬೫ರ ಮಾರ್ಚ್ ೧ರಂದು, ಅಂದು ಸೋಮವಾರ. ಮಾತು ಹೋಗುವುದಕ್ಕೆ ಮೊದಲು ಕರೆ ಹೋಗಬೇಕೆಂಬುದನ್ನು ಆಕೆ ಪುಸ್ತಕದಿಂದ ಕಲಿತವಳಲ್ಲ. "ಹಲೋ ಕಾರ್ತಾಗೊ, ಔಷಧಿ ಅಂಗಡಿ ಫೋನು ಬಿಡುವಿದೆಯಾ? ಗಂಟೆ ಹೊಡೀರಿ" ಎಂದು ಕೇಳಿ, ಅತ್ತಲಿಂದ ಒಪ್ಪಿಗೆ ಬಂದ ಮೇಲೆಯೇ ಆಕೆ ತಂತಿಯನ್ನು ಎದುರಿನ ಸ್ವಿಚ್‌ಬೋರ್ಡಿನ ಹಲಗೆಗೆ ಚುಚ್ಚುತ್ತಿದ್ದುದು.

ಮುಂದೆ ಆಕೆ ಸಂಜೆಯ ತರಗತಿಗಳಲ್ಲಿ ಓದಿ ಎಂಜಿನಿಯರಾಗಿ ಕಾರ್ತಾಗೊ ನಗರಕ್ಕೆ ವರ್ಗವಾಗಿ ಬರುವ ಹೊತ್ತಿಗೆ, ಆಪರೇಟರು ಕೇಳುತ್ತಿದ್ದ ಆ ಪ್ರಶ್ನೆಯನ್ನು ಯಂತ್ರವೇ ಕೇಳತೊಡಗಿತ್ತು. ಯಾವ ಫೋನು ಬಿಡುವಾಗಿದೆ, ಯಾವುದಕ್ಕೆ ಗಂಟೆ ಹೊಡೆಯಬೇಕು, ಇಷ್ಟೂ ವಿಚಾರಣೆ ಪ್ರತ್ಯೇಕವಾದೊಂದು ಕೇಬಲ್ಲಿನ ಮೂಲಕ ಸಂಕೇತಯಂತ್ರಕ್ಕೆ ಹೋಗಿ ಬರಬೇಕು. ಅದು ನಿಂತರೆ ಮಾತಿನ ಸಾವಿರ ತಂತಿಗಳು ನೆಟ್ಟಗಿದ್ದೂ ಮೂಕ. ಎತ್ತು ಗಾಡಿ ಎಲ್ಲ ಇದ್ದು ನೊಗವೊಂದಿಲ್ಲದಂತೆ.

೧೯೯೩ರ ಆಗಸ್ಟಿನಲ್ಲಿ ಆದದ್ದೂ ಅದೇ. ದೇಶದ ಮೂಲೆಮೂಲೆಯಿಂದ ಜನ ಲಾ ನೆಗ್ರೀತಾ ಮಾತೆಯ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಕಾರ್ತಾಗೊಗೆ ಬಂದು ಸೇರಿದ್ದರು. ತಲುಪಿದೆವೆಂದು ಮನೆಗೆ ತಿಳಿಸುವುದಕ್ಕೆ ಎಲ್ಲರೂ ಫೋನು ಎತ್ತಿದರು. ಇದ್ದ ಒಂದೇ ಸಂಕೇತಯಂತ್ರ ಮಧ್ಯಾಹ್ನವಿಡೀ ಮಲಗಿಬಿಟ್ಟಿತು. ನಡೆದು ಬಂದ ಮುದುಕರು ಬದುಕಿದ್ದಾರೋ ಇಲ್ಲವೋ ಎಂದು ಊರೂರಲ್ಲಿ ಮನೆಮಂದಿ ಹಲುಬಿದರು. ಆ ವಾರವೇ ಎಡೆಲ್ಮಿರಾ ನಿರ್ದೇಶಕ ದೋನ್ ಅರಿಸ್ತಾರ್ಕೊ ಅವರ ಮುಂದೆ ನಿಂತು ಮಾತು ಕೊಟ್ಟಳು: "ಮುಂದಿನ ಯಾತ್ರೆ ಹೊತ್ತಿಗೆ ಯಂತ್ರ ಎರಡಾಗಿರ್ತವೆ. ಜನ ಸೇರಿರೋವಾಗಲೇ ಒಂದನ್ನ ನನ್ನ ಕೈಯಾರೆ ನಿಲ್ಲಿಸ್ತೀನಿ. ಊರು ಮೂಕವಾದ್ರೆ ನನ್ನನ್ನ ತುರಿಯಾಲ್ಬಾಗೆ ವಾಪಸ್ ಕಳಿಸಿ."

ಆಡಿದಂತೆ ಮಾಡಿದಳು. ಒಂದು ಯಂತ್ರ ಸ್ಯಾನ್ ಹೊಸೆಯಲ್ಲಿ, ಇನ್ನೊಂದು ಹೆರೆದಿಯಾದಲ್ಲಿ ಕುಳಿತವು. ಎರಡೂ ದುಡಿಯುವಾಗ ಯಾವುದರ ಮೇಲೂ ಅದರ ಶಕ್ತಿಯ ನೂರಕ್ಕೆ ನಲವತ್ತರಷ್ಟಕ್ಕಿಂತ ಹೆಚ್ಚು ಭಾರ ಬೀಳಕೂಡದೆಂದು ಆಕೆ ಕಟ್ಟುಮಾಡಿದಳು. ಇಬ್ಬರು ಹೊರುವುದನ್ನು ಒಬ್ಬನೇ ಹೊರಬಲ್ಲವನಾದರೆ ತಾನೆ ಜೋಡಿ ಎನ್ನಿಸಿಕೊಳ್ಳುವುದು! ಕಾರ್ತಾಗೊದಿಂದ ಮೊದಲನೆಯದಕ್ಕೆ ಉತ್ತರದ ದಾರಿಯಲ್ಲಿ ಒಂದು ಕೇಬಲ್, ಎರಡನೆಯದಕ್ಕೆ ದಕ್ಷಿಣದ ದಾರಿಯಲ್ಲಿ ಇನ್ನೊಂದು. ಉತ್ತರದ್ದನ್ನು ಹೂಳಿಸಿದವನು ಮೇಸ್ತ್ರಿ ಫಿಲಾಡೆಲ್ಫೊ. ದಕ್ಷಿಣದ್ದನ್ನು ಮೇಸ್ತ್ರಿ ಗಮಾಲಿಯೆಲ್. ಪರೀಕ್ಷೆಗೆ ೧೯೯೪ರ ಜುಲೈ ೩೧, ಭಾನುವಾರವೆಂದು ನಿಶ್ಚಯವಾಯಿತು. ಜನ ಅಷ್ಟು ಹೊತ್ತಿಗೆ ನೆರೆದಿರುತ್ತಾರೆ. ಮಾತೆಯ ಹಬ್ಬ ಆಗಸ್ಟ್ ೨, ಮಂಗಳವಾರ; ಏನಾದರೂ ಎಡವಟ್ಟಾದರೆ ಸರಿಪಡಿಸುವುದಕ್ಕೆ ಸೋಮವಾರವೂ ಕೈಯಲ್ಲಿರುತ್ತದೆ.

ಜುಲೈ ೧೯, ಮಂಗಳವಾರ. ಮಧ್ಯಾಹ್ನ ಎಡೆಲ್ಮಿರಾ ಮತ್ತು ಇಬ್ಬರು ಮೇಸ್ತ್ರಿಗಳು ಕಚೇರಿಯೆದುರಿನ ಖಾನಾವಳಿಯಲ್ಲಿ ಅನ್ನ, ಕಪ್ಪು ಕಾಳು, ಹುರಿದ ಬಾಳೆಹಣ್ಣಿನ ಊಟಕ್ಕೆ ಕುಳಿತಿದ್ದರು. ಫಿಲಾಡೆಲ್ಫೊ ಕೇಬಲ್ ಹೂಳಿಸಿದ ದಿನಗಳ ಸುಖವನ್ನು ಚಪ್ಪರಿಸುತ್ತಿದ್ದ.

"ದೋನ್ಯಾ ಎಡೆಲ್ಮಿರಾ, ನಾವು ಗುಂಡಿ ತೋಡಿದ ಕಡೆ ಒಬ್ರು ಅಜ್ಜಿ ಇದ್ರು. ದಿನಾ ಸಂಜೆ ಬಿಸಿಬಿಸಿ ಬೆಲ್ಲದ ನೀರು, ಚೀಸ್ ಹಾಕಿದ ಜೋಳದ ರೊಟ್ಟಿ. ನನ್ನ ಕಂಡ್ರೆ ಅವ್ರಿಗೆ ಅದೇನು ಅಕ್ಕರೆಯೋ!"

"ನಿಮ್ಮ ಮೇಲೆ ಅಕ್ಕರೆನಾ? ಕನ್ನಡಿ ನೋಡ್ಕೊಂಡು ಎಷ್ಟು ದಿನ ಆಯ್ತು, ಮೇಸ್ತ್ರಿ?" ಎಂದ ಗಮಾಲಿಯೆಲ್. "ನಮ್ಮ ಗುಂಡಿ ಹತ್ರದ ಅಜ್ಜಿ ಮುಂದೆ ನಿಮ್ಮ ಅಜ್ಜಿ ಯಾವ ಲೆಕ್ಕ! ದೋನ್ಯಾ ಸೊರೈದಾ ಅಂತ. ನೀಲಿ ಬಾಗಿಲು, ಜಗಲಿ ಮೇಲೆ ಒಂಟಿಗಣ್ಣಿನ ಗಿಳಿ."

ಫಿಲಾಡೆಲ್ಫೊನ ಚಮಚ ನಡುದಾರಿಯಲ್ಲಿ ನಿಂತಿತು. "ಗಿಳಿ ಬಯ್ಯುತ್ತಾ?"

"ಬಾಯಿ ಬಿಟ್ರೆ ‘ಕಳ್ಳ, ಕಳ್ಳ’ ಅನ್ನುತ್ತೆ."

"ಅಯ್ಯೋ, ಅದು ನನ್ನ ಅಜ್ಜಿ ಕಣ್ರೀ! ನನ್ನ ರೊಟ್ಟಿ ತಿಂದೋರು ನೀವೇನಾ!"

ಇಬ್ಬರೂ ಮೇಜು ಕುಟ್ಟಿ ನಕ್ಕರು. ಎಡೆಲ್ಮಿರಾ ನಗಲಿಲ್ಲ; ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಫಿಲಾಡೆಲ್ಫೊ, ಗುಂಡಿಗೆ ನಿಮಗೆ ಕೊಟ್ಟ ಗುರುತು ಯಾವುದು?"

"ಪಚೇಕೊ ಗಿರಣಿಯಿಂದ ಮುನ್ನೂರು ಮೀಟರ್ ದಕ್ಷಿಣಕ್ಕೆ."

"ಗಮಾಲಿಯೆಲ್, ನಿಮಗೆ?"

"ಚಪ್ಪಲಿ ಹೊಲಿಯೋ ಮುದುಕನ ಅಂಗಡಿಯಿಂದ ನೂರು ಪಶ್ಚಿಮಕ್ಕೆ. ಗುಂಡಿ ಮೊದಲೇ ಇತ್ತು, ನಮ್ಮ ಕೇಬಲ್ಲೂ ಅದರಲ್ಲೇ ಇಳಿಸಿದ್ವಿ."

"ಆ ಗಿರಣಿ ಎಲ್ಲಿದೆ?"

"ಈಗೆಲ್ಲಿದೆ? ಐವತ್ತೊಂದರಲ್ಲೇ ಕೆಡವಿದ್ರಲ್ಲ!"

"ಮುದುಕ?"

"ಸತ್ತು ಇಪ್ಪತ್ತು ವರ್ಷ ಆಯ್ತು, ಪಾಪ. ಆದ್ರೇನು? ಎಲ್ಲಿತ್ತು ಅಂತ ಊರಿಗೆಲ್ಲ ಗೊತ್ತು."

ಊರಿಗೆಲ್ಲ ಗೊತ್ತಿತ್ತು, ತುರಿಯಾಲ್ಬಾದವಳಿಗೆ ಗೊತ್ತಿರಲಿಲ್ಲ. ಇಲ್ಲದ ಗಿರಣಿಯನ್ನು ಊರಿನ ಉತ್ತರಕ್ಕೂ, ಸತ್ತ ಮುದುಕನ ಅಂಗಡಿಯನ್ನು ದಕ್ಷಿಣಕ್ಕೂ ತಾನೇ ಮನಸ್ಸಿನಲ್ಲಿ ಇಟ್ಟುಕೊಂಡು ಆಕೆ ಎರಡೂ ಆದೇಶಗಳಿಗೆ ರುಜು ಹಾಕಿದ್ದಳು. ಎರಡು ದಾರಿಗಳೂ ದೋನ್ಯಾ ಸೊರೈದಾಳ ಮನೆಯೆದುರಿನ ಒಂದೇ ಗುಂಡಿಯಲ್ಲಿ ತಬ್ಬಿಕೊಂಡು ಮಲಗಿದ್ದವು. ಅಲ್ಲಿ ಯಾರಾದರೂ ಹಾರೆ ಹಾಕಿದರೆ ಮುಗಿಯಿತು, ಕಾರ್ತಾಗೊ ಪೂರ್ತಿ ಮೂಕ.

ದೋನ್ ಅರಿಸ್ತಾರ್ಕೊ ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡರು. "ಪರೀಕ್ಷೆ ಯಂತ್ರದ್ದು ತಾನೇ? ಒಂದನ್ನ ನಿಲ್ಲಿಸಿದ್ರೆ ಇನ್ನೊಂದು ನಡೆಯುತ್ತೆ, ನೀವು ಗೆದ್ರಿ. ಗುಂಡಿ ವಿಚಾರ ಯಾತ್ರೆ ಮುಗಿದ ಮೇಲೆ ನೋಡೋಣ."

"ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟು, ಎರಡು ಬಾವಿ ತೋಡಿಸಿದ್ದೀನಿ ಅಂತ ಹೇಳಲಾ, ದೋನ್ ಅರಿಸ್ತಾರ್ಕೊ? ನಾನು ಯಂತ್ರ ನಿಲ್ಲಿಸಲ್ಲ. ಆ ಗುಂಡಿಗೇ ಇಳಿದು, ಅದರಲ್ಲಿ ಇರೋದನ್ನೆಲ್ಲ ಕಳಚ್ತೀನಿ."

"ತಪ್ಪು ಯಾರದ್ದು ಅಂತ ಮೇಲಿನವರು ಕೇಳ್ತಾರೆ."

"ನನ್ನದು ಅನ್ನಿ. ರುಜು ನನ್ನದು, ತೋಡಿಸೋದೂ ನಾನೇ. ಜನ ಕೊಡಿ, ಸಾಕು."

ಮರುದಿನ ಬೆಳಗ್ಗೆಯೇ ಆಕೆ ಇಬ್ಬರು ಮೇಸ್ತ್ರಿಗಳನ್ನೂ ಕರೆದುಕೊಂಡು ಎರಡೂ ದಾರಿಗಳನ್ನು ಕಾಲಿನಿಂದಲೇ ಅಳೆದಳು. ಗಿರಣಿ, ಮುದುಕ ಎಂಬ ಮಾತು ಯಾರ ಬಾಯಿಂದಲೂ ಹೊರಡಕೂಡದೆಂದು ಕಟ್ಟಪ್ಪಣೆಯಾಯಿತು. ಉತ್ತರದ ಗುಂಡಿಗಳ ಮುಚ್ಚಳಗಳಿಗೆ ಬಿಳಿ ಬಣ್ಣ ಬಿತ್ತು, ದಕ್ಷಿಣದವಕ್ಕೆ ಹಳದಿ. "ಸತ್ತೋರ ವಿಳಾಸ ಬಿಟ್ರೆ ಈ ಊರಲ್ಲಿ ನಮ್ಮ ಮನೆಗೇ ದಾರಿ ಸಿಗಲ್ಲ, ದೋನ್ಯಾ" ಎಂದು ಗಮಾಲಿಯೆಲ್ ಗೊಣಗಿದನಾದರೂ, ತನ್ನ ಕೇಬಲ್ಲನ್ನು ಆ ಗುಂಡಿಯಿಂದ ಎಬ್ಬಿಸಿ ರೈಲುಹಳಿಯ ಏರಿಯ ಬದಿಯಲ್ಲಿ ಹೊಸದಾಗಿ ಹೂಳಿಸಿದ. ಜುಲೈ ೨೯, ಶುಕ್ರವಾರ ಕೆಲಸ ಮುಗಿಯಿತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮಾತೆಯ ಇಗರ್ಜಿಯಾದ ಬೆಸಿಲಿಕಾದ ಅಂಗಳದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಸಾರ್ವಜನಿಕ ಫೋನುಗಳ ಮುಂದೆ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ಫಿಲಾಡೆಲ್ಫೊ ವೈರ್‌ಲೆಸ್ ಹಿಡಿದು ಸಾಲಿನ ಪಕ್ಕದಲ್ಲಿ ನಿಂತ. ಗಮಾಲಿಯೆಲ್ ಎಕ್ಸ್‌ಚೇಂಜಿನಲ್ಲಿ ಹೆರೆದಿಯಾದ ಯಂತ್ರದ ಭಾರ ತೋರಿಸುವ ಮುಳ್ಳಿನ ಎದುರು ಕುಳಿತ. ಎಡೆಲ್ಮಿರಾ, ಈಗ ಉತ್ತರದ ಕೇಬಲ್ ಮಾತ್ರ ಉಳಿದಿದ್ದ ದೋನ್ಯಾ ಸೊರೈದಾಳ ಮನೆಯೆದುರಿನ ಗುಂಡಿಗೆ ಇಳಿದಳು. ದೋನ್ ಅರಿಸ್ತಾರ್ಕೊ ಅಂಚಿನಲ್ಲಿ ಕೊಡೆ ಬಿಡಿಸಿ ನಿಂತರು.

"ಫಿಲಾಡೆಲ್ಫೊ, ಅಲ್ಲಿ ಏನು ನಡೀತಿದೆ?" ಎಂದಳು ಆಕೆ ವೈರ್‌ಲೆಸ್‌ನಲ್ಲಿ.

"ಒಬ್ಬಮ್ಮ ಕಾಲಲ್ಲಿ ಬೊಕ್ಕೆ ಎದ್ದ ಕಥೆ ಮಗಳಿಗೆ ಹೇಳ್ತಾ ಇದಾರೆ. ಎಡಗಾಲಿಂದು ಮುಗೀತು, ಈಗ ಬಲಗಾಲಿಗೆ ಬಂದಿದಾರೆ. ಹಿಂದಿನವರು ಬಯ್ತಿದಾರೆ. ಪಕ್ಕದ ಫೋನಲ್ಲಿ ಈಗಷ್ಟೆ ಒಬ್ಬ ನಂಬರ್ ಒತ್ತಿದ... ಹಾಂ, ಸಿಕ್ತು."

"ಗಮಾಲಿಯೆಲ್?"

"ಮುಳ್ಳು ಎಪ್ಪತ್ತಾರಕ್ಕೆ ಹೋಗಿ ನಿಂತಿದೆ, ದೋನ್ಯಾ. ಅಲ್ಲಾಡ್ತಿಲ್ಲ."

ದೋನ್ ಅರಿಸ್ತಾರ್ಕೊ ಬಗ್ಗಿ ನೋಡಿದರು. "ಸರಿ, ದೋನ್ಯಾ ಎಡೆಲ್ಮಿರಾ. ಇನ್ನು ಕಳಚ್ತೀರಾ?"

"ಕಳಚಿ ಆಗಲೇ ಐದು ನಿಮಿಷ ಆಯ್ತು."

ನಿರ್ದೇಶಕರ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ಮತ್ತೆ ಹಾಕಿಬಿಡಿ! ಗೊತ್ತಾಯ್ತಲ್ಲ, ಸಾಕು."

"ಇರಲಿ ಬಿಡಿ. ಆ ಅಮ್ಮನ ಬಲಗಾಲು ಮುಗೀಲಿ" ಎಂದು ಎಡೆಲ್ಮಿರಾ ಬ್ರೆನೆಸ್ ಕೈಯ ಮಣ್ಣನ್ನು ಕೊಡವಿಕೊಂಡು ಏಣಿಯ ಮೆಟ್ಟಿಲ ಮೇಲೆಯೇ ಕುಳಿತಳು.